ಚುಕ್ಕಿ ಹಿಡಿಯಾಕ ಗುಡ್ಡ ಹತ್ತಿದವರು

ಕಲಘಟಗಿ ಕಡೆ ಗುಡ್ಡಕ್ಕ ಟೆಂಟ್ ಹಾಕಾಕ ಹೋಗೋರ ಬ್ಯಾಗಿನಾಗ ಈಗ ಟ್ರೈಪಾಡ್ ಇದ್ದೇ ಇರತೈತಿ. ಅಮಾವಾಸ್ಯೆ ಹತ್ತಿರದ ರಾತ್ರಿ, ನೈಟ್ ಮೋಡ್, ಅಲುಗಾಡದ ಫೋನು, ಇಷ್ಟಿದ್ರ ಸಾಕು. ಫೋನು ಸಣ್ಣ ಸಣ್ಣ ಫೋಟೋ ಹಲವು ತೆಗೆದು ಒಂದರ ಮೇಲೊಂದು ಕೂಡಿಸತೈತಿ. ಒಂದೇ ಫೋಟೋಕ್ಕ ಬಹಳ ಹೊತ್ತು ಕಣ್ಣು ತೆರೆದರೆ ಚುಕ್ಕಿ ಗೆರೆಯಾಗತೈತಿ, ಯಾಕಂದ್ರ ಭೂಮಿ ಗಂಟೆಗೆ 15 ಡಿಗ್ರಿ ತಿರುಗತೈತಲ್ಲ. ಕೆಟ್ಟರೆ ಅಳಿಸಿ ಇನ್ನೊಂದು ತೆಗೀತೀವಿ.

ಇನ್ನೊಂದು ತೆಗೆಯುವ ಅವಕಾಶವೇ ಇಲ್ಲದವರ ಕತೆ ಇವತ್ತಿನದು.

1868ರ ಆಗಸ್ಟ್ 18. ಪೂರ್ಣ ಸೂರ್ಯಗ್ರಹಣ. ನವಲಗುಂದದಿಂದ ಉತ್ತರಕ್ಕ, ಆಗ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ, ಲೆಫ್ಟಿನೆಂಟ್ ಜಾನ್ ಹರ್ಷಲ್ ದೂರದರ್ಶಕ ಹೂಡಿ ಕುಂತಿದ್ದ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲ್‌ರ ಮೊಮ್ಮಗ. ಅಪ್ಪನೂ ಕಡಿಮೆಯವನಲ್ಲ, ತೆಗೆದ ಫೋಟೋ ಮಾಸದ ಹಾಗೆ ಹೈಪೋ ಬಳಸುವುದನ್ನು ಜಗತ್ತಿಗೆ ತೋರಿಸಿದವನು. ಆದರೆ ಆಗಸ್ಟ್ ಅಂದ್ರ ನಮ್ಮ ಕಡೆ ಏನ್ರಿ? ಮೋಡ! ಸರಿಯಾಗಿ ಆ ಕೆಲವೇ ನಿಮಿಷ ಮೋಡ ಬಂದು ಹೋಗಿ ಆಟ ಆಡಿಸಿತು. ಸಿಕ್ಕ ಸಂದಿನಲ್ಲೇ ಆತ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದ. ಕೆಂಪು, ಕಿತ್ತಳೆ, ನೀಲಿ, ಮೂರು ಗೆರೆ ಕಂಡವು. ಆ ಕಿತ್ತಳೆ ಗೆರೆ ಸೋಡಿಯಂನದು ಅಲ್ಲ ಅಂತ ಆಮೇಲೆ ತಿಳೀತು. ಅದಕ್ಕ ಹೀಲಿಯಂ ಅಂತ ಹೆಸರಿಟ್ಟರು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಜಮಖಂಡಿ ಅಂದ್ರ ಇಷ್ಟು ದಿನ ಬರೀ ಕಬ್ಬು, ಕುಸ್ತಿ ಅಂದುಕೊಂಡಿದ್ದೆವು!

ಮೂರು ವರ್ಷದ ಮೇಲೆ, 1871ರ ಡಿಸೆಂಬರ್ 12ರ ಬೆಳಿಗ್ಗೆ, ದಕ್ಷಿಣದಲ್ಲಿ ಮತ್ತೊಂದು ಪೂರ್ಣಗ್ರಹಣ. ಈ ಸಲ ಕ್ಯಾಮೆರಾ ಗುಡ್ಡ ಹತ್ತಿತು. ಒಂದು ತಂಡ ಕಾಸರಗೋಡಿನ ಬೇಕಲದಲ್ಲಿ, ಸಮುದ್ರದ ದಂಡೆಗೆ. ಇನ್ನೊಂದು ಟೆನೆಂಟ್ ಎಂಬ ಅಧಿಕಾರಿಯ ಕೈಕೆಳಗೆ ನೀಲಗಿರಿಯ ದೊಡ್ಡಬೆಟ್ಟದಲ್ಲಿ, 2,600 ಮೀಟರಿಗೂ ಎತ್ತರದ ಚಳಿಯಲ್ಲಿ. ಆಗಿನ ಪ್ಲೇಟು ಗಾಜಿನದು, ಹಸಿ. ಕೊಲೋಡಿಯನ್ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಆರುವ ಮೊದಲೇ ಫೋಟೋ ತೆಗೆದು, ಆರುವ ಮೊದಲೇ ತೊಳೆಯಬೇಕು. ಅಂದ್ರ ಕತ್ತಲೆ ಕೋಣೆಯನ್ನೂ ಬೆಟ್ಟಕ್ಕೆ ಹೊತ್ತೊಯ್ಯಬೇಕು. ಪೂರ್ಣ ಕತ್ತಲೆ ಇರೋದು ಎರಡು ನಿಮಿಷದ ಆಸುಪಾಸು.

ಯಾಕಿಷ್ಟು ಒದ್ದಾಟ? ಗ್ರಹಣದಾಗ ಸೂರ್ಯನ ಸುತ್ತ ಕಾಣುವ ಬೆಳ್ಳನೆಯ ಪ್ರಭೆ ನಿಜಕ್ಕೂ ಸೂರ್ಯನದೋ, ಇಲ್ಲಾ ನಮ್ಮ ಗಾಳಿಯ ಮಾಯೆಯೋ ಎಂದು ಜಗಳವಿತ್ತು. ಕಣ್ಣಿನಿಂದ ನೋಡಿ ಬಿಡಿಸಿದ ಚಿತ್ರಗಳು ಒಬ್ಬೊಬ್ಬರದು ಒಂದೊಂದು ಥರ. ಬೇಕಲ ಮತ್ತು ದೊಡ್ಡಬೆಟ್ಟದ ನಡುವೆ 200 ಕಿಲೋಮೀಟರಿಗೂ ಹೆಚ್ಚು ದೂರ. ಒಂದು ಕಡೆ ಕಡಲ ಗಾಳಿ, ಒಂದು ಕಡೆ ಬೆಟ್ಟದ ತೆಳು ಗಾಳಿ. ಎರಡೂ ಕಡೆಯ ಗಾಜಿನಲ್ಲಿ ಪ್ರಭೆಯ ಆಕಾರ ಒಂದೇ ಬಂತು. ಹಂಗಾದ್ರ ಅದು ಸೂರ್ಯನದೇ. ನನಗಂತೂ ಹೀಲಿಯಂಗಿಂತ ಇದೇ ದೊಡ್ಡ ಕತೆ ಅನಿಸತೈತಿ.

ನಮ್ಮ ಜಿಲ್ಲೆಯ ಪಾಳಿ ಬಂದದ್ದು 1980ರ ಫೆಬ್ರುವರಿ 16, ಶನಿವಾರ. ಅಂಕೋಲೆಯಿಂದ ಏರಿ ಬಂದ ಚಂದ್ರನ ನೆರಳು ಕಲಘಟಗಿ, ಕುಂದಗೋಳ, ಅಣ್ಣಿಗೇರಿ, ನವಲಗುಂದ ಎಲ್ಲವನ್ನೂ ಮುಚ್ಚಿ ಗದಗಿನತ್ತ ದಾಟಿತು. ಭಾರತೀಯ ಖಭೌತ ಸಂಸ್ಥೆಯವರು ಹುಬ್ಬಳ್ಳಿ ಹತ್ತಿರದ ಹೊಸೂರಿನಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ಕ್ಯಾಂಪ್ ಹಾಕಿದ್ದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹಗಲು ಆರಿತು, ಶುಕ್ರ ಹೊಳೆದ. ಫಿಲ್ಮಿನ ಕಾಲ ಅದು, ಹಸಿ ಪ್ಲೇಟಿನ ಗೋಳಿಲ್ಲ. ಆದರೆ ಊರೊಳಗೆ ಎಷ್ಟೋ ಮನೆಗಳ ಕದ ಹಾಕಿತ್ತು. ಬಸುರಿಯರನ್ನು ಒಳಗೆ ಕೂಡಿಸಿ, ನೀರಿಗೆ ದರ್ಭೆ ಹಾಕಿ ಕುಂತವರು ತಲೆಯ ಮೇಲಿನ ಕತ್ತಲೆಯನ್ನು ನೋಡಲೇ ಇಲ್ಲ. ಗ್ರಹಣ ಬಂತೆಂದು ದಾನ ಕೊಟ್ಟು ಕಲ್ಲಿನಲ್ಲಿ ತಿಥಿ ವಾರ ಸಮೇತ ಬರೆಸಿದ ನಾಡು ಇದು. ಆಗಿನವರು ಅಂಜಿದರೂ ಲೆಕ್ಕ ಇಟ್ಟಿದ್ದರು.

ನಿಮ್ಮ ಮನೆಯ ಅಜ್ಜಿ, ಮುತ್ಯಾನನ್ನು ಕೇಳಿ ನೋಡ್ರಿ: ಆ ಶನಿವಾರ ಮೂರೂವರೆಗೆ ಎಲ್ಲಿದ್ರಿ, ಹೊರಗೋ ಒಳಗೋ? ಕೋಳಿ ಗೂಡಿಗೆ ಹೋದುವಾ? ಅವರು ಹೇಳಿದ್ದನ್ನು ಅದೇ ಫೋನಿನಾಗ ರೆಕಾರ್ಡ್ ಮಾಡಿ ಇಟ್ಟುಕೊಳ್ರಿ.