ಚಾರ್ಜ್ ಆಗದ ಹೆಲಿಕಾಪ್ಟರ್ ಮತ್ತು ಕರೆಂಟು ಕೂಡಿಟ್ಟ ಕತೆ

ಮೊನ್ನೆ ಹನೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಅಕ್ಕನ ಮಗ ಕೈಲೊಂದು ಪುಟ್ಟ ಹೆಲಿಕಾಪ್ಟರ್ ಹಿಡ್ಕೊಂಡು ಅಳುಮುಖ ಮಾಡಿಕೊಂಡು ನಿಂತಿದ್ದ. "ಮಾವ, ಇದು ಚಾರ್ಜೇ ಆಗ್ತಿಲ್ಲ..." ದೀಪಾವಳಿಯಲ್ಲಿ ಮಾದಪ್ಪನ ಬೆಟ್ಟದ ಜಾತ್ರೆಗೆ ಹೋದಾಗ ಹಟ ಮಾಡಿ ಕೊಡಿಸಿಕೊಂಡದ್ದಂತೆ. ಎರಡು ವಾರ ಮನೆ ತುಂಬ ಹಾರಿದೆ. ಆಮೇಲೆ ಪರೀಕ್ಷೆ ಅಂತ ಅಕ್ಕ ಅಟ್ಟಕ್ಕೆ ಹಾಕಿದ್ದಾಳೆ. ಈಗ ಇಳಿಸಿ ನೋಡಿದರೆ ಜೀವ ಇಲ್ಲ. ಭಾವ ಆಗಲೇ ತೀರ್ಪು ಕೊಟ್ಟಾಗಿತ್ತು: "ಬಿಸಾಕು ಅತ್ಲಾಗೆ, ಹೊಸದು ತಂದ್ರಾಯ್ತು."

ನಮ್ಮ ತಾತ ಇದ್ದಿದ್ದರೆ ಈ ಮಾತಿಗೆ ಸಿಡಿದು ಬೀಳುತ್ತಿದ್ದರು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ, ಅಂದರೆ 1902ಕ್ಕೆ ಹೋಗಬೇಕು. ಬನ್ನಿ.

ಕೊಳ್ಳೇಗಾಲದಿಂದ ಇಪ್ಪತ್ತು ಕಿಲೋಮೀಟರ್ ಒಳಗೇ ಶಿವನಸಮುದ್ರ. ಕಾವೇರಿ ಅಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿ ಅಂತ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ವಿದ್ಯುತ್ ಯೋಜನೆ 1902ರ ಜೂನ್ 30ರಂದು ಕೆಲಸ ಆರಂಭಿಸಿತು. ಅದರ ಹಿಂದಿದ್ದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಹುಟ್ಟಿದ ಕರೆಂಟು ಹೋದದ್ದೆಲ್ಲಿಗೆ? 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು.

ಹಾಗಾದರೆ ಜಲಪಾತದ ಸದ್ದು ಕೇಳುವಷ್ಟು ಹತ್ತಿರದ ಕೊಳ್ಳೇಗಾಲ ಸೀಮೆಗೆ? ಇಲ್ಲೇ ಇರೋದು ತಮಾಷೆ (ಅಥವಾ ಸಂಕಟ). ಆಗ ಕೊಳ್ಳೇಗಾಲ ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ. ಟಿಪ್ಪು ಸತ್ತ ಮೇಲೆ 1799ರಲ್ಲಿ ಬ್ರಿಟಿಷರ ಪಾಲಾಗಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿಹೋಗಿತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರು, ಅದು ಮೈಸೂರಿನದು. ಅಂದರೆ ಯಳಂದೂರಿನಿಂದ ಕೊಳ್ಳೇಗಾಲದ ಸಂತೆಗೆ ಬಂದವನು ಗಡಿ ದಾಟಿ ಬಂದ ಹಾಗೆ! ಈಗ ತಾಲ್ಲೂಕು ಕೇಂದ್ರವಾಗಿರುವ ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಂದು ಊರು. ಕೊಯಮತ್ತೂರಿನ ಪಾಲಿಗೆ ಇದೆಲ್ಲ ಕಾಡು, ಘಟ್ಟ ದಾಟಿದ ಮೇಲಿನ ಕಟ್ಟಕಡೆಯ ಮೂಲೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಕನ್ನಡ ನಾಡಿಗೆ ಸೇರುವವರೆಗೂ ಹೀಗೇ ಇತ್ತು.

ಕರೆಂಟಿಗೆ ಇನ್ನೊಂದು ಕೆಟ್ಟ ಗುಣ ಇದೆ. ಹುಟ್ಟಿದ ಕ್ಷಣವೇ ಖರ್ಚಾಗಬೇಕು, ರಾಗಿಯ ಹಾಗೆ ಕಣಜಕ್ಕೆ ಸುರಿದು ಇಡೋಕಾಗಲ್ಲ. ಬೇಸಿಗೆಯಲ್ಲಿ ಕಾವೇರಿ ಬಡಕಲಾದರೆ ಶಿವನಸಮುದ್ರದ ಚಕ್ರಗಳೂ ಸೊರಗುತ್ತಿದ್ದವು. ಗಣಿಯವರಿಗೋ ಹಗಲೂ ರಾತ್ರಿ ಕರೆಂಟು ಬೇಕು. ಕರೆಂಟು ಕೂಡಿಡೋಕಾಗಲ್ಲ, ಆದರೆ ನೀರು ಕೂಡಿಡಬಹುದಲ್ಲ? 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಅದರ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಕೊಡೋದೂ ಒಂದಾಗಿತ್ತು. ನಾವೆಲ್ಲ ಕೆಆರ್‌ಎಸ್ ಅಂದ್ರೆ ಕಬ್ಬು, ಭತ್ತ, ಬೃಂದಾವನ ಅಂದ್ಕೋತೀವಿ. ಒಂದು ಲೆಕ್ಕದಲ್ಲಿ ಅದು ಶಿವನಸಮುದ್ರದ ಬ್ಯಾಟರಿ! ಈ ಮಾತು ನೆನಪಿರಲಿ, ಹೆಲಿಕಾಪ್ಟರ್ ರಿಪೇರಿಗೆ ಬೇಕಾಗತ್ತೆ :-)

ತಂತಿ ಬಾರದ ಹಳ್ಳಿಗಳಿಗೆ ಮೊದಲು ಕಾಲಿಟ್ಟ ಕರೆಂಟು ಕಂಬದ ಮೇಲೆ ಬರಲಿಲ್ಲ, ಪೆಟ್ಟಿಗೆಯಲ್ಲಿ ಬಂತು. ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲೇ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಸಿಡ್ ಬ್ಯಾಟರಿ ಮಾಡಿದ್ದ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿ ಶುರು ಮಾಡಿದರಲ್ಲ, ಆ ಕಾಲದ ವಾಲ್ವ್ ರೇಡಿಯೋಗಳಿಗೆ ಹಳ್ಳಿಗಳಲ್ಲಿ ಬ್ಯಾಟರಿಯೇ ಗತಿ. ನಮ್ಮ ತಾತನ ಹತ್ತಿರವೂ ಮುಂದೆ ಅಂಥದ್ದೊಂದು ಸೆಟ್ ಬಂದಿತ್ತಂತೆ. ಹದಿನೈದು ದಿನಕ್ಕೊಮ್ಮೆ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ ಕ್ಯಾರಿಯರ್‌ಗೆ ಕಟ್ಟಿ, ಯಳಂದೂರು ಕಡೆಯ ಹಳ್ಳಿಯಿಂದ ಪೇಟೆಗೆ ಒಯ್ದು, ಚಾರ್ಜಿಗೆ ಬಿಟ್ಟು, ಮಾರನೇ ದಿನ ಹೋಗಿ ತರೋದು. ಆಸಿಡ್ ಚೆಲ್ಲಿ ತೂತಾದ ಪಂಚೆಯ ಕತೆ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು.

ತಾತನ ಕಟ್ಟಳೆಗಳು ಮೂರು. ಒಂದು, ರೇಡಿಯೋ ಪೂರ್ತಿ ಸೊರಗುವ ತನಕ ಕೇಳಬಾರದು. ಎರಡು, ಖಾಲಿ ಬ್ಯಾಟರಿಯನ್ನು ಒಂದು ದಿನವೂ ಹಾಗೇ ಇಡಬಾರದು. ಮೂರು, ತುದಿಯಲ್ಲಿ ಕಟ್ಟಿದ ಬಿಳಿ-ಹಸಿರು ಕಿಲುಬನ್ನು ಬಿಸಿನೀರಲ್ಲಿ ತೊಳೆದು ವ್ಯಾಸಲೀನ್ ಹಚ್ಚಬೇಕು. ಅವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಮೂರೂ ಸರಿ. ಖಾಲಿ ಬಿಟ್ಟ ಸೀಸದ ಬ್ಯಾಟರಿಯಲ್ಲಿ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಒಳಗೆ ಇಳಿಯಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ ನಾಲ್ಕು ಸೆಲ್ ಸಾಕಾಯಿತು, ಗೋಣಿಚೀಲದ ಯಾತ್ರೆಯೂ ನಿಂತಿತು.

ಸೀಸ ಹೊತ್ತು ಹಾಡಬಹುದು, ಹಾರೋಕಾಗಲ್ಲ! ಜರ್ಮನಿಯ ಡೀಟರ್ ಶ್ಲೂಟರ್ 1970ರ ಹೊತ್ತಿಗೆ ರೇಡಿಯೋದಿಂದ ನಿಯಂತ್ರಿಸಬಲ್ಲ ಮಾದರಿ ಹೆಲಿಕಾಪ್ಟರ್ ಹಾರಿಸಿದಾಗ ಅದಕ್ಕಿದ್ದದ್ದು ಪುಟ್ಟ ಎಂಜಿನ್. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಹೆಚ್ಚುಕಮ್ಮಿ 30-40 ವಾಟ್-ಅವರ್ ಹಿಡಿಸುತ್ತೆ. ಲಿಥಿಯಂ ಬ್ಯಾಟರಿಯಲ್ಲಿ 150ಕ್ಕೂ ಹೆಚ್ಚು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಆಟ ಬದಲಾಯಿತು. ಅದರ ತಮ್ಮ ಲಿಥಿಯಂ-ಪಾಲಿಮರ್ ಬಂದು, 2006ರ ಸುಮಾರಿಗೆ ಅಂಗೈಯಗಲದ ಆಟಿಕೆ ಹೆಲಿಕಾಪ್ಟರ್‌ಗಳು ಜಗತ್ತಿನ ತುಂಬ ಹಾರಾಡಿದವು. ಈ ಬ್ಯಾಟರಿಗೆ ದಾರಿ ಮಾಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಅದರದ್ದೇ ಒಂದು ಚೂರು ಮಾದಪ್ಪನ ಜಾತ್ರೆಯ ಅಂಗಡಿಗೂ ಬಂತು ನೋಡಿ.

ಸರಿ, ಈಗ ರಿಪೇರಿ. ತಾತನ ಹಾಗೆ ಹೊರಗಿನಿಂದ ಒಳಕ್ಕೆ ಹೋದೆ.

ಮೊದಲ ಅನುಮಾನ ಅಡಾಪ್ಟರ್ ಮೇಲೆ. ಗೋಡೆಯಲ್ಲಿ ಬರೋದು ದಿಕ್ಕು ಬದಲಿಸುತ್ತಲೇ ಇರುವ ಎಸಿ, ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿನ ಡಿಸಿ. ಬದಲಾಯಿಸಿ ಕೊಡೋದು ಅಡಾಪ್ಟರ್ ಕೆಲಸ. ಅದಕ್ಕೆ ಮೊಬೈಲ್ ಸಿಕ್ಕಿಸಿದೆ, ಚಾರ್ಜ್ ಆಯಿತು. ಹಾಗಾದರೆ ಅದು ನಿರಪರಾಧಿ. ಎರಡನೆಯದು ಹೆಲಿಕಾಪ್ಟರಿನ ಚಾರ್ಜಿಂಗ್ ತೂತು. ಟಾರ್ಚ್ ಬಿಟ್ಟು ನೋಡಿದರೆ ಧೂಳು, ಸ್ವಲ್ಪ ಕಿಲುಬು. ಒಣ ಬ್ರಷ್‌ನಲ್ಲಿ ಉಜ್ಜಿದೆ. ಕೇಬಲ್ಲಿನ ಕೆಂಪು ದೀಪ ಮಿಣಕ್ ಅಂದು ಆರಿಹೋಯಿತು. ಈ ಆಟಿಕೆಯಲ್ಲಿ ಚಾರ್ಜ್ ಆಗುವಾಗ ದೀಪ ಉರಿದು, ತುಂಬಿದ ಮೇಲೆ ಆರಬೇಕು. ಕೆಲವದರಲ್ಲಿ ಇದು ಉಲ್ಟಾ ಇರತ್ತೆ, ಚೀಟಿ ಓದಿಕೊಳ್ಳಿ. ಹೆಲಿಕಾಪ್ಟರಿನ ಸ್ವಿಚ್ ಆಫ್ ಮಾಡಿ ಚಾರ್ಜಿಗೆ ಹಾಕಬೇಕು ಅನ್ನೋದನ್ನೂ ಬಹಳ ಜನ ಮರೀತಾರೆ.

ಮೂರನೆಯದಕ್ಕೆ ಎರಡು ಸ್ಕ್ರೂ ಬಿಚ್ಚಿ, ಮೀಟರ್ ಇಟ್ಟೆ. 2.1 ವೋಲ್ಟ್! ಈ ಸೆಲ್ ತುಂಬಿದಾಗ 4.2 ಇರಬೇಕು, 3ರ ಕೆಳಗೆ ಇಳಿಯಲೇಬಾರದು. ಅಣೆಕಟ್ಟಿನಲ್ಲಿ ತೂಬಿನ ಕೆಳಗೆ ಒಂದಷ್ಟು ನೀರು ಇದ್ದೇ ಇರತ್ತೆ, ಡೆಡ್ ಸ್ಟೋರೇಜ್ ಅಂತ. ಅದಕ್ಕೆ ಕೈ ಹಾಕೋ ಹಾಗಿಲ್ಲ. ಇಲ್ಲೂ ಹಾಗೇ. "ಅಟ್ಟಕ್ಕೆ ಹಾಕುವಾಗ ಸ್ವಿಚ್ ಆಫ್ ಮಾಡಿದ್ಯಾ?" ಅಂತ ಕೇಳಿದೆ. ಹುಡುಗ ಅಮ್ಮನ ಮುಖ ನೋಡಿದ, ಅಮ್ಮ ಒಲೆ ಕಡೆ ನೋಡಿದಳು :-)

ಇಷ್ಟು ಇಳಿದ ಸೆಲ್ಲಿಗೆ ಚಾರ್ಜರ್ ಕರೆಂಟು ಕೊಡಲ್ಲ, ಒಳ್ಳೆಯದೇ. ಬೇರೆ ಬ್ಯಾಟರಿಯಿಂದ ತಂತಿ ಮುಟ್ಟಿಸಿ ಎಬ್ಬಿಸುವ ಪಂಡಿತರಿದ್ದಾರೆ. ದಯವಿಟ್ಟು ಮಾಡಬೇಡಿ. ಅಷ್ಟು ಬತ್ತಿದ ಸೆಲ್ಲಿನೊಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಒಳಗೊಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಉಬ್ಬಿದ್ದರಂತೂ ಮುಟ್ಟಲೇಬೇಡಿ. ಮೈಸೂರಿನಿಂದ ಅದೇ ಅಳತೆಯ 3.7 ವೋಲ್ಟ್, 150 ಎಂಎಎಚ್ ಸೆಲ್ ತರಿಸಿದೆ. ಕೆಂಪು-ಕಪ್ಪು ತಂತಿ ಅದಲುಬದಲಾಗದ ಹಾಗೆ ನೋಡಿ ಬೆಸೆದೆ. ಕೆಂಪು ದೀಪ ಉರಿಯಿತು. ಮುಕ್ಕಾಲು ಗಂಟೆ ಮಾವ-ಅಳಿಯ ಅದರ ಮುಂದೆ ಕೂತಿದ್ದೆವು. ಕೊಡ ತುಂಬಿಸುವವರು ಮೊದಲು ನಲ್ಲಿ ಪೂರ್ತಿ ಬಿಟ್ಟು, ಕಂಠಕ್ಕೆ ಬಂದಾಗ ಸಣ್ಣಗೆ ಮಾಡ್ತಾರಲ್ಲ, ಚಾರ್ಜರ್ ಮಾಡೋದೂ ಅದನ್ನೇ ಅಂತ ಅವನಿಗೆ ಹೇಳಿದೆ.

ಇದೆಲ್ಲ ಬರೀ ಆಟಿಕೆಯ ಮಾತಲ್ಲ. ಹನೂರು ದಾಟಿ ಮಾದಪ್ಪನ ಬೆಟ್ಟದ ಕಾಡಿನೊಳಗಿನ ಎಷ್ಟೋ ಹಳ್ಳಿಗಳಿಗೆ, ಸೋಲಿಗರ ಪೋಡುಗಳಿಗೆ ಕಂಬ-ತಂತಿ ಬರೋದು ಬಹಳ ತಡವಾಯಿತು. ಸೋಲಾರ್ ದೀಪವೇ ಆಸರೆಯಾದ ಮನೆಗಳಲ್ಲಿ ಬ್ಯಾಟರಿ ಸತ್ತರೆ ಮತ್ತೆ ಸೀಮೆಎಣ್ಣೆ ಬುಡ್ಡಿ. ದೀಪ ಕೊಟ್ಟವರು ಫೋಟೋ ತೆಗೆಸಿಕೊಂಡು ಹೋಗ್ತಾರೆ. ಮೂರು ವರ್ಷದ ಮೇಲೆ ಬ್ಯಾಟರಿ ಬದಲಿಸುವವರು ಯಾರು? ಅಲ್ಲಿ "ಬಿಸಾಕು, ಹೊಸದು ತಂದ್ರಾಯ್ತು" ಅನ್ನೋ ಭಾವ ಇಲ್ಲ. ತಾತನ ಆ ಮೂರು ಕಟ್ಟಳೆ ಹೇಳಿಕೊಡುವ ಒಬ್ಬರಾದರೂ ಇದ್ದರೆ ಎಷ್ಟೋ ದೀಪ ಇನ್ನೂ ನಾಲ್ಕು ಕಾಲ ಉರಿದಾವು.

ಅಂದ ಹಾಗೆ ಹೆಲಿಕಾಪ್ಟರ್ ಹಾರಿತು. ಸರಿಯಾಗಿ ಏಳು ನಿಮಿಷ. ಆಮೇಲೆ ಪಕ್ಕದ ಮನೆಯ ಹೆಂಚಿನ ಮೇಲೆ ಕೂತಿತು. ಏಣಿ ತರೋಕೆ ಓಡಿದ್ದು ಭಾವ!

ನಿಮ್ಮ ಮನೆಯಲ್ಲೂ ಬ್ಯಾಟರಿ ಹೊತ್ತು ಪೇಟೆಗೆ ಹೋಗುತ್ತಿದ್ದ ತಾತ ಇದ್ದರೇ? ಇದ್ದರೆ ಅವರ ಕತೆಯನ್ನೂ ಬರೆದಿಡಿ. ಮತ್ತೆ, ಅಟ್ಟದ ಮೇಲಿರುವ ಆಟಿಕೆಯ ಸ್ವಿಚ್ಚನ್ನು ಒಮ್ಮೆ ನೋಡಿಬಿಡಿ...