ಜಾಡು ಮತ್ತು ಪತ್ತೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಅರಿವು ಹಾಗೂ ಹತ್ತೊಂಬತ್ತನೆಯ ಶತಮಾನದ ಅಪರಾಧ ಶೋಧನೆ

ಅಪರಾಧ ಶೋಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಪ್ಯಾರಿಸ್ ಮತ್ತು ಲಂಡನ್ ನಗರಗಳಿಂದ ಆರಂಭಿಸುವುದು ರೂಢಿ. ಸೆರೆವಾಸ ಅನುಭವಿಸಿದ್ದ ವಿಡೋಕ್ ಎಂಬಾತ 1812ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸುರೆತೆ ಎಂಬ ಗುಪ್ತ ಪೊಲೀಸ್ ದಳವನ್ನು ಕಟ್ಟಿದನು. 1829ರಲ್ಲಿ ಲಂಡನ್ನಿನ ಮಹಾನಗರ ಪೊಲೀಸ್ ವ್ಯವಸ್ಥೆ ಜಾರಿಗೆ ಬಂದಿತು. 1842ರಲ್ಲಿ ಅದರೊಳಗೆ ಎಂಟು ಮಂದಿಯ ಪುಟ್ಟದೊಂದು ಪತ್ತೇದಾರಿ ಶಾಖೆ ರೂಪುಗೊಂಡಿತು. 1878ರಲ್ಲಿ ಅಪರಾಧ ತನಿಖಾ ಇಲಾಖೆ, 1880ರ ದಶಕದಲ್ಲಿ ಬರ್ತಿಯೋನನ ದೇಹಮಾಪನ ಪದ್ಧತಿ, 1893ರಲ್ಲಿ ಆಸ್ಟ್ರಿಯಾದ ಹಾನ್ಸ್ ಗ್ರಾಸನ ಕೈಪಿಡಿ ಬಂದವು. ಈ ಅನುಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಕುರುಹಿನಿಂದ ಕರ್ತೃವನ್ನು ಹಿಡಿಯುವ ವಿದ್ಯೆಯೇ ಆಗ ಹುಟ್ಟಿತೆಂಬ ಭಾವನೆಯನ್ನು ಅದು ಮೂಡಿಸುತ್ತದೆ. ಜಾನಪದದ ಅಭ್ಯಾಸಿಗಳು ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಕನ್ನಡದ ಪದಗಳನ್ನೇ ಗಮನಿಸಬಹುದು. ‘ಪತ್ತೇದಾರ’ ಎಂಬುದು ‘ದಾರ’ ಎಂಬ ಪಾರಸಿ ಪ್ರತ್ಯಯವನ್ನು ಹೊತ್ತುಕೊಂಡ ಆಡಳಿತದ ಮಾತು. ‘ಜಾಡು ಹಿಡಿ’, ‘ಸುಳಿವು’, ‘ಹೆಜ್ಜೆ’, ‘ಕುರುಹು’ ಎಂಬವು ಕಾಡು, ಹೊಲ, ದನದ ಹಟ್ಟಿಗಳ ಮಾತುಗಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಲ್ಲಿ ವಿಚಾರಣೆಯ ಒಂದು ತಂತ್ರವೇ ಅಡಗಿದೆ. ಆರೋಪಿಸುವವನು ಯಾರ ಹೆಸರನ್ನೂ ಹೇಳುವುದಿಲ್ಲ. ಕಳ್ಳತನವನ್ನು ಮಾತ್ರ ಹೇಳಿ ಸುತ್ತಲಿನವರ ಕೈಗಳನ್ನು ಗಮನಿಸುತ್ತಾನೆ. ಕಾಯಿಯ ಬೂದಿ ಹೆಗಲಿಗೆ ಅಂಟಿರಬಹುದೆಂಬ ಅಳುಕು ಕಳ್ಳನಿಗೇ ವಿನಾ ಬೇರೆಯವರಿಗಿಲ್ಲ.

ಗ್ರಾಮವ್ಯವಸ್ಥೆಯಲ್ಲಿ ಈ ಅರಿವಿಗೆ ಒಂದು ಹುದ್ದೆಯೇ ಇತ್ತು. ಹಳೆಯ ಆಯಗಾರ ಪದ್ಧತಿಯ ಹನ್ನೆರಡು ಮಂದಿಯಲ್ಲಿ ತಳವಾರ ಮತ್ತು ತೋಟಿ ಸೇರಿದ್ದರು. 1812ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದಿರಿಸಲಾದ ಐದನೆಯ ವರದಿಯು ಇವರ ಕೆಲಸವನ್ನು ಬೇರ್ಪಡಿಸಿ ಹೇಳುತ್ತದೆ: ತಳವಾರನದು ಅಪರಾಧಗಳ ಸುದ್ದಿ ಸಂಗ್ರಹಿಸುವುದು, ಊರಿಂದೂರಿಗೆ ಹೋಗುವವರನ್ನು ಕಾಪಾಡಿ ತಲುಪಿಸುವುದು, ತೋಟಿಯದು ಹೆಚ್ಚಾಗಿ ಊರೊಳಗೇ ಉಳಿದು ಬೆಳೆ ಕಾಯುವುದು. ಹಾಗಾಗಿ ಲಂಡನ್ನಿನಲ್ಲಿ ಎಂಟು ಮಂದಿಯ ಶಾಖೆ ಏರ್ಪಡುವುದಕ್ಕೆ ಮೂವತ್ತು ವರ್ಷ ಮೊದಲೇ ಅಲ್ಲಿನ ಸಂಸತ್ತಿನ ಕಾಗದದಲ್ಲಿ ಈ ನಾಡಿನ ಗ್ರಾಮ ಪತ್ತೇದಾರನ ಕಸುಬು ದಾಖಲಾಗಿತ್ತು. ಭಾರತದ ಹಲವು ಭಾಗಗಳಲ್ಲಿ ಕಳ್ಳನ ಹೆಜ್ಜೆ ಯಾವ ಊರಿನ ಎಲ್ಲೆಯವರೆಗೆ ಹೋಗುತ್ತದೋ ಆ ಊರಿನವರು ಮುಂದಿನ ಜಾಡನ್ನು ತೋರಿಸಬೇಕು, ಇಲ್ಲವಾದರೆ ನಷ್ಟ ತುಂಬಿಕೊಡಬೇಕು ಎಂಬ ಕಟ್ಟುಪಾಡಿತ್ತು. ಅಲ್ಲಿ ಜಾಡು ಬರಿಯ ಸುಳಿವಲ್ಲ, ಸಾಕ್ಷ್ಯವೂ ಹೌದು.

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ಎಲ್ಲೆಯ ಪ್ರಶ್ನೆ ಮತ್ತಷ್ಟು ಜಟಿಲವಾಗಿತ್ತು. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದಾಗ, ಅದರ ಪೂರ್ವದ ಕೊಳ್ಳೇಗಾಲ ಸೀಮೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರವರೆಗೂ ಹಾಗೆಯೇ ಉಳಿಯಿತು. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟ ದಾರಿಗಳು ಬಂಡೀಪುರದ ಕಾಡು ದಾಟಿ ವೈನಾಡು, ನೀಲಗಿರಿಗಳನ್ನು ಸೇರುತ್ತಿದ್ದವು. ಒಂದೇ ಕಾಡು, ಒಂದೇ ಮಾದಪ್ಪನ ಆಣೆ. ಕಾನೂನು ಮಾತ್ರ ಎರಡು.

ಈ ಸೀಮೆಯ ಜಾಡಿನ ಅರಿವಿಗೆ ಸಿಗುವ ಮುಖ್ಯ ಲಿಖಿತ ಆಧಾರ ಪೊಲೀಸ್ ಕಡತವಲ್ಲ, ಬೇಟೆಯ ಪುಸ್ತಕ. ಮೈಸೂರು ಸರ್ಕಾರದ ನೀರಾವರಿ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಸುಮಾರು ಐವತ್ತು ಆನೆಗಳನ್ನು ಹಿಡಿಸಿದನು. 1878ರಲ್ಲಿ ಪ್ರಕಟವಾದ ಆತನ ಗ್ರಂಥವನ್ನು ಓದಿದವರಿಗೆ ಆ ಕೆಲಸ ಯಾರ ಕಣ್ಣಿನ ಮೇಲೆ ನಿಂತಿತ್ತೆಂಬುದು ಮರೆಯಾಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮತ್ತು ತಪ್ಪಲಿನ ಊರವರು ಜಾಡು ಹಿಡಿಯದಿದ್ದರೆ ಖೆಡ್ಡಾ ಇಲ್ಲ. ಹುಲ್ಲಿನ ಮೇಲಿನ ಇಬ್ಬನಿ ಅಳಿಸಿದೆಯೋ ಇಲ್ಲವೋ, ಮುರಿದ ಕಡ್ಡಿಯಲ್ಲಿ ರಸ ಇನ್ನೂ ಹಸಿಯಾಗಿದೆಯೋ, ಹೆಜ್ಜೆಗುಳಿಗೆ ಜೇಡ ಬಲೆ ನೇಯ್ದಿದೆಯೋ, ಲದ್ದಿ ಬೆಚ್ಚಗಿದೆಯೋ ಎಂದು ನೋಡಿ ಪ್ರಾಣಿ ಹಾದುಹೋದ ಹೊತ್ತನ್ನು ನಿರ್ಧರಿಸುವುದು ಇಂಥವರ ವಿದ್ಯೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಆನೆಯ ಭುಜದ ಎತ್ತರ ದೊರೆಯುತ್ತದೆ ಎಂಬ ಸೂತ್ರವನ್ನು ಸ್ಯಾಂಡರ್ಸನ್ನನೂ ದಾಖಲಿಸಿದ್ದಾನೆ. ಪ್ಯಾರಿಸ್ಸಿನ ಗುಮಾಸ್ತ ಬರ್ತಿಯೋನ್ ಕೈದಿಗಳ ತಲೆ, ತೋಳು, ಪಾದಗಳನ್ನು ಅಳೆದು ಗುರುತು ಹಿಡಿಯುವ ಪದ್ಧತಿಯನ್ನು ರೂಪಿಸತೊಡಗಿದ್ದು 1879ರಲ್ಲಿ, ಅಂದರೆ ಈ ಗ್ರಂಥ ಪ್ರಕಟವಾದ ಮರುವರ್ಷ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಆದರೆ ಅಂಗದ ಒಂದು ಅಳತೆಯಿಂದ ಇಡೀ ದೇಹವನ್ನು ಊಹಿಸುವ ಬುದ್ಧಿ ಎರಡರಲ್ಲೂ ಒಂದೇ. ಇಟಲಿಯ ಇತಿಹಾಸಕಾರ ಕಾರ್ಲೊ ಗಿನ್ಸ್‌ಬರ್ಗ್ 1979ರಲ್ಲಿ ಪತ್ತೇದಾರನ ತರ್ಕದ ಮೂಲವನ್ನು ಬೇಟೆಗಾರನ ಹೆಜ್ಜೆ ಓದುವ ವಿದ್ಯೆಯಲ್ಲಿ ಗುರುತಿಸಿದ್ದುಂಟು. ಈ ಸೀಮೆಯ ಮಟ್ಟಿಗೆ ಅದು ದೂರದ ಊಹೆಯಾಗಿ ಕಾಣುವುದಿಲ್ಲ.

ವಸಾಹತು ಪೊಲೀಸರು ಜನರ ಅರಿವನ್ನು ಬಳಸಿಕೊಂಡ ಇನ್ನೊಂದು ಮಾರ್ಗ ಭಾಷೆಯದು. ಶ್ರೀರಂಗಪಟ್ಟಣ ಪತನವಾದ 1799ರಲ್ಲಿಯೇ ಬೆಂಗಳೂರಿನ ಸುತ್ತ ನೂರರಷ್ಟು ಫಾಸಿಗಾರರನ್ನು ಹಿಡಿದ ಸುದ್ದಿಯಿದೆ. 1816ರಲ್ಲಿ ಮದರಾಸಿನ ವೈದ್ಯ ಶೆರ್ವುಡ್ ಇವರ ಬಗೆಗೆ ಲೇಖನ ಬರೆದನು. 1836ರಲ್ಲಿ ಸ್ಲೀಮನ್ ಥಗ್ಗರ ಗುಪ್ತಭಾಷೆಯ ಪದಕೋಶವನ್ನೇ ಪ್ರಕಟಿಸಿದನು. ಮಾಫಿ ಸಾಕ್ಷಿಗಳನ್ನು ಕೂರಿಸಿಕೊಂಡು ಪದ, ಶಕುನ, ವಂಶಾವಳಿಗಳನ್ನು ಬರೆದುಕೊಂಡ ಈ ಕ್ರಮ ಹೊರನೋಟಕ್ಕೆ ಜಾನಪದ ಕ್ಷೇತ್ರಕಾರ್ಯವನ್ನೇ ಹೋಲುತ್ತದೆ. ವ್ಯತ್ಯಾಸವಿರುವುದು ವಕ್ತೃವಿನ ಸ್ಥಿತಿಯಲ್ಲಿ: ಇಲ್ಲಿ ಮಾತನಾಡುವವನ ಕೊರಳಿಗೆ ನೇಣಿನ ಭಯವಿದೆ. ಅಂಥ ಸಂಗ್ರಹವನ್ನು ಇಂದು ಆಕರವಾಗಿ ಬಳಸುವವರು ಇದನ್ನು ಮರೆಯಬಾರದು. ಥಗ್ಗರ ಚಿತ್ರದಲ್ಲಿ ಎಷ್ಟು ಭಾಗ ಕಂಪನಿಯ ಕಲ್ಪನೆ ಎಂಬ ಚರ್ಚೆಯೂ ವಿದ್ವಾಂಸರಲ್ಲಿ ನಡೆದಿದೆ.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ ಈ ಸಂಗ್ರಹಕ್ಕೆ ಬೇರೆಯೇ ಬಲ ಬಂದಿತು. 1892ರಲ್ಲಿ ಮುಲ್ಲಾಲಿ ಎಂಬ ಪೊಲೀಸ್ ಅಧಿಕಾರಿ ಮದರಾಸು ಪ್ರಾಂತ್ಯದ ‘ಅಪರಾಧಿ ವರ್ಗ’ಗಳ ಪುಸ್ತಕವನ್ನು ಹೊರತಂದನು. 1911ರ ತಿದ್ದುಪಡಿಯ ನಂತರ ಆ ಪ್ರಾಂತ್ಯದಲ್ಲೂ ಕೊರವರಂತಹ ಅಲೆಮಾರಿಗಳ ಮೇಲೆ ಕಾಯಿದೆ ಬಿದ್ದಿತು. ಬುಟ್ಟಿ ಹೆಣೆಯುವ, ಕಣಿ ಹೇಳುವ, ಹೇರೆತ್ತಿನ ಮೇಲೆ ಉಪ್ಪು ಸಾಗಿಸುವ ಜನರ ಮನೆಮಾತು, ನಡೆನುಡಿ, ದೇವರುಗಳೆಲ್ಲ ಅನುಮಾನದ ಲಕ್ಷಣಗಳಾಗಿ ಪಟ್ಟಿಯಾದವು. ವ್ಯಕ್ತಿಯ ಹೆಜ್ಜೆಯನ್ನು ಹುಡುಕಬೇಕಿದ್ದ ಪತ್ತೆ ಕುಲದ ಹೆಸರನ್ನು ಹುಡುಕತೊಡಗಿತು. ತಳವಾರನ ಜಾಡು ಒಬ್ಬ ಕಳ್ಳನ ಹೊಸ್ತಿಲಿಗೆ ಒಯ್ಯುತ್ತಿತ್ತು. ಮುಲ್ಲಾಲಿಯ ಪಟ್ಟಿ ಇಡೀ ಹಟ್ಟಿಗೆ ಒಯ್ಯಿತು. ಕಾಯಿದೆ ರದ್ದಾದದ್ದು 1952ರಲ್ಲಿ.

ಬೆರಳಚ್ಚಿನ ಕಥೆಯೂ ಇದಕ್ಕೆ ಹತ್ತಿರದ್ದು. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ಹರ್ಶೆಲ್ ಒಬ್ಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರಿನ ಮೇಲೆ ಪಡೆದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ವರ್ಗೀಕರಣದ ಗಣಿತವನ್ನು ಕಟ್ಟುವಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಕೆಳ ಅಧಿಕಾರಿಗಳ ಪಾಲು ದೊಡ್ಡದು. 1901ರಲ್ಲಿ ಅದು ಲಂಡನ್ನಿಗೆ ಹೋದಾಗ ಮೇಲಧಿಕಾರಿ ಹೆನ್ರಿಯ ಹೆಸರನ್ನು ಹೊತ್ತು ಹೋಯಿತು. ಹಾನ್ಸ್ ಗ್ರಾಸನ ಕೈಪಿಡಿ 1906ರಲ್ಲಿ ಭಾರತದ ಬಳಕೆಗೆ ಒಗ್ಗಿಸಿದ ಇಂಗ್ಲಿಷ್ ರೂಪದಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಹೆಜ್ಜೆಗುರುತಿನ ವಿದ್ಯೆ ಹೀಗೆ ಕೊಳ್ಳೇಗಾಲವನ್ನು ಒಳಗೊಂಡ ಪ್ರಾಂತ್ಯಕ್ಕೆ ಯುರೋಪಿನ ಶಾಸ್ತ್ರವಾಗಿ ಬಂದಿತು.

ಕಾಡು ಬಲ್ಲವರ ಮೇಲಿನ ಅವಲಂಬನೆ ಮತ್ತು ಅನುಮಾನ ಮಾತ್ರ ಮುಂದುವರಿದವು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ವೀರಪ್ಪನ್ ಶೋಧ ನಡೆಯುತ್ತಿತ್ತು. ಎರಡು ರಾಜ್ಯಗಳ ಪೊಲೀಸರಿಗೆ ಸೋಲಿಗರ ದಾರಿಯರಿವು ಬೇಕಾಗಿತ್ತು. ಅದೇ ಅರಿವಿನ ಕಾರಣಕ್ಕೆ ಅವರು ಠಾಣೆ, ಶಿಬಿರಗಳಿಗೂ ಒಯ್ಯಲ್ಪಟ್ಟರು. ಹಿಂಸೆಯ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತನು. 2007ರಲ್ಲಿ ಆಯೋಗವು 89 ಮಂದಿಗೆ ಪರಿಹಾರ ನೀಡುವಂತೆ ಸೂಚಿಸಿತು.