ಗುಜರಿಯಿಂದ ಬೆಟ್ಟಕ್ಕೇರಿದ ರಿಪೀಟರ್

ಅಮೆರಿಕದಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೋ) ರಿಪೀಟರ್‌ಗಳು, ಅಂದರೆ ದನಿ ಹಿಡಿದು ಮತ್ತೆ ದೂರಕ್ಕೆ ಬಿತ್ತರಿಸುವ ಯಂತ್ರಗಳು, ಹಬ್ಬಿದ್ದು ಹೊಸ ಸಂಶೋಧನೆಯಿಂದಲ್ಲ, ಗುಜರಿಯಿಂದ. 1960ರ ದಶಕದಲ್ಲಿ ವಾಹನ ರೇಡಿಯೋಗಳ ಚಾನೆಲ್ ಅಗಲ ಕುಗ್ಗಿದಾಗ, ಪೊಲೀಸರೂ ಟ್ಯಾಕ್ಸಿಯವರೂ ಕೈಬಿಟ್ಟ ಮೊಟೊರೊಲಾ, ಜನರಲ್ ಎಲೆಕ್ಟ್ರಿಕ್ ಸೆಟ್‌ಗಳು ಹವ್ಯಾಸಿಗಳಿಗೆ ಅಗ್ಗಕ್ಕೆ ಸಿಕ್ಕವು. ಆವರ್ತನ ನಿರ್ಧರಿಸುವ ಹರಳು ಬದಲಿಸಿ ಮತ್ತೆ ಟ್ಯೂನ್ ಮಾಡಿದರೆ ಅವು ಹ್ಯಾಮ್‌ಗಳ 2 ಮೀಟರ್ ಬ್ಯಾಂಡಿಗೆ ಒಗ್ಗುತ್ತಿದ್ದವು. ಜಪಾನಿನ ಸಿದ್ಧ ಸೆಟ್‌ಗಳೇ ರಿಪೀಟರನ್ನು ಜನಪ್ರಿಯಗೊಳಿಸಿದವು ಎನ್ನುವವರುಂಟು. ಬಳಕೆದಾರರ ಸಂಖ್ಯೆಯ ಮಟ್ಟಿಗೆ ಒಪ್ಪೋಣ. ಆದರೆ ಆ ಸೆಟ್‌ಗಳ ದನಿ ದೂರ ಮುಟ್ಟಲು ಬೆಟ್ಟದ ಮೇಲೆ ರಿಪೀಟರ್ ಮೊದಲೇ ಇರಬೇಕಿತ್ತಲ್ಲ! ಅದನ್ನು ಕಟ್ಟುವ ಕಸುಬೇ ಬೇರೆ. ಒಂದೇ ಆಂಟೆನಾದಲ್ಲಿ 146.34 ಮೆಗಾಹರ್ಟ್ಸ್ ಕೇಳುತ್ತ, ಅದೇ ಗಳಿಗೆ 146.94ರಲ್ಲಿ ಕೂಗುವ ಯಂತ್ರ ತನ್ನ ಕೂಗಿಗೆ ತಾನೇ ಕಿವುಡಾಗಬಾರದು. ಅದಕ್ಕಾಗಿ, ಕೇಳುವ ಕೂಗುವ ಅಲೆಗಳನ್ನು ಬೇರ್ಪಡಿಸುವ ಡ್ಯುಪ್ಲೆಕ್ಸರಿನ ಲೋಹದ ಡಬ್ಬಿಗಳೊಳಗಿನ ಸರಳನ್ನು ಕೂದಲೆಳೆಯಷ್ಟು ಸರಿಸಿ, ಮೀಟರ್ ನೋಡಿ, ಮತ್ತೆ ಸರಿಸಬೇಕು. ಅಮೆರಿಕದ ಸಂಪರ್ಕ ಆಯೋಗ ರಿಪೀಟರ್‌ಗಳಿಗೆಂದೇ ವಿವರವಾದ ನಿಯಮ ತಂದದ್ದು 1972ರಲ್ಲಿ. ಯಂತ್ರಗಳು ಅಷ್ಟರಲ್ಲಾಗಲೇ ಬೆಟ್ಟ ಹತ್ತಿದ್ದವು.